ಆರಿಸಿದ ಮೇಲೂ ಉಳಿಯುವ ವಿದ್ಯುತ್ತು



ಸಂಗೀತವನ್ನು ಕೇಳುವ ಯಂತ್ರವನ್ನು ಅಂಗಡಿಯಿಂದ ಕೊಂಡುತರುವುದಕ್ಕಿಂತ ಅದನ್ನು ಕೈಯಾರ ಕಟ್ಟಿಕೊಳ್ಳುವುದರಲ್ಲಿ ಹೆಚ್ಚಿನ ಸಂತೋಷವನ್ನು ಕಾಣುವ ಜನರು ನಮ್ಮಲ್ಲಿ ಹಿಂದಿನಿಂದಲೂ ಉಂಟು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದುದು ತಮ್ಮ ಸ್ವಂತ ಮನೆಯಲ್ಲಿಯೇ. ಆ ಕಾಲದ ರೇಡಿಯೋ ಯಂತ್ರಗಳಿಗೆಲ್ಲ ವಾಲ್ವೇ ಪ್ರಾಣವಾಗಿತ್ತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ ವಾಲ್ವು ಕ್ರಮೇಣ ಮೂಲೆಗೆ ಸೇರಿತು. ಅದರ ಮೇಲಿನ ಮೋಹವು ಮಾತ್ರ ಮೂಲೆಗೆ ಸೇರಲಿಲ್ಲ. ವಾಲ್ವಿನ ನಾದವು ನಿಜವಾಗಿಯೂ ಹೆಚ್ಚು ಇಂಪೋ, ಅಥವಾ ಕೆಂಪಗೆ ಕಾಯುವ ತಂತಿಯನ್ನು ಕಂಡ ಕಣ್ಣು ಕಿವಿಗೆ ಹೇಳಿಕೊಡುವ ಮಾತೋ, ಆ ಚರ್ಚೆಗೆ ನಾನು ಕೈಹಾಕುವುದಿಲ್ಲ. ಮೋಹವಂತೂ ಇದೆ. ಹೀಗೆ ಮೋಹಗೊಂಡವರು ಸಾಮಾನ್ಯವಾಗಿ ಮೊದಲು ಕಟ್ಟಲು ಹೊರಡುವುದು ಹೆಡ್‌ಫೋನಿಗೆ ಬೇಕಾದಷ್ಟೇ ಧ್ವನಿಯನ್ನು ಕೊಡುವ ಒಂದು ಸಣ್ಣ ಆಂಪ್ಲಿಫೈಯರನ್ನು. ಎರಡೋ ಮೂರೋ ವಾಲ್ವು, ಒಂದು ಟ್ರಾನ್ಸ್‌ಫಾರ್ಮರು, ಬೆರಳೆಣಿಕೆಯ ಬಿಡಿಭಾಗಗಳು, ಇಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದರೆ ಬಹುಭಾಗ ದೊರೆಯುತ್ತದೆ.

ಯಂತ್ರವು ಸಣ್ಣದು, ಅದರಿಂದ ಹೊರಡುವ ಧ್ವನಿಯೂ ಸಣ್ಣದು. ಆದಕಾರಣ ಅದರೊಳಗಿನ ಅಪಾಯವೂ ಸಣ್ಣದೆಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿಬಿಡುತ್ತದೆ. ಈ ಲೆಕ್ಕ ತಪ್ಪು. ಅದರಲ್ಲಿಯೂ ಟ್ರಾನ್ಸಿಸ್ಟರಿನ ಕೆಲಸದಲ್ಲಿ ಕೈ ಪಳಗಿಸಿಕೊಂಡವರಿಗೆ ಈ ತಪ್ಪು ಬಹು ಸುಲಭ. ಒಂಬತ್ತು ವೋಲ್ಟಿನ, ಹನ್ನೆರಡು ವೋಲ್ಟಿನ ಮಂಡಲಗಳಲ್ಲಿ ಯಾವ ಭಾಗ ಬಿಸಿಯಾಗಿದೆ, ಯಾವ ಬೆಸುಗೆ ಸಡಿಲವಾಗಿದೆ ಎಂಬುದನ್ನು ಬೆರಳಿನಿಂದಲೇ ಮುಟ್ಟಿ ನೋಡುವುದು ಅವರ ರೂಢಿ. ಅಲ್ಲಿ ಬೆರಳೂ ಒಂದು ಉಪಕರಣವೇ ಸರಿ. ವಾಲ್ವಿನ ಯಂತ್ರದಲ್ಲಿ ಆ ಬೆರಳನ್ನು ನೀಡಕೂಡದು.

ವಾಲ್ವಿಗೆ ಇಷ್ಟೊಂದು ವಿದ್ಯುದೊತ್ತಡ ಏತಕ್ಕೆ ಬೇಕು? ಗಾಜಿನ ಬುರುಡೆಯೊಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು, ನಿರ್ವಾತವನ್ನು ದಾಟಿ, ಆನೋಡೆಂಬ ಲೋಹದ ತಗಡನ್ನು ಸೇರಬೇಕು. ಕಾಯಿಸುವ ಕೆಲಸಕ್ಕೆ 6.3 ವೋಲ್ಟು ಸಾಕು. ಆದರೆ ಬರಿದಾದ ಅವಕಾಶದಲ್ಲಿ ಆ ಕಣಗಳನ್ನು ಬಲವಾಗಿ ಎಳೆದುಕೊಳ್ಳಬೇಕಾದರೆ ಆನೋಡಿಗೆ ಸಾಮಾನ್ಯವಾಗಿ 150ರಿಂದ 300 ವೋಲ್ಟುಗಳವರೆಗೆ ಬೇಕಾಗುತ್ತದೆ. ಇದನ್ನು ಟ್ರಾನ್ಸ್‌ಫಾರ್ಮರಿನ ಮತ್ತೊಂದು ಸುತ್ತಿನಿಂದ ತೆಗೆದು, ರೆಕ್ಟಿಫೈಯರಿನಿಂದ ಏಕಮುಖವಾಗಿ ಮಾಡಿ, ದೊಡ್ಡ ಕಂಡೆನ್ಸರುಗಳಲ್ಲಿ ತುಂಬಿ, ಏರಿಳಿತವಿಲ್ಲದಂತೆ ನಯಮಾಡುತ್ತಾರೆ. ಕಂಡೆನ್ಸರೆಂದು ಹಿಂದಿನವರು ಹೇಳುತ್ತಿದ್ದುದನ್ನು ಈಗ ಅಂಗಡಿಯಲ್ಲಿ ಕೆಪಾಸಿಟರೆಂದು ಕೇಳಬೇಕು.

ಇಲ್ಲಿಯೇ ಹೊಸಬರು ಎಡವುವ ಒಂದು ಸಂಗತಿಯುಂಟು. ಟ್ರಾನ್ಸ್‌ಫಾರ್ಮರಿನ ಮೇಲೆ 250 ವೋಲ್ಟು ಎಂದು ಬರೆದಿದ್ದರೆ ಕಂಡೆನ್ಸರಿನಲ್ಲಿ ನಿಲ್ಲುವುದು 250 ಅಲ್ಲ. ಪರ್ಯಾಯ ಪ್ರವಾಹದ ಅಲೆಯು ತನ್ನ ಶಿಖರದಲ್ಲಿ ಅದರ 1.414ರಷ್ಟಕ್ಕೆ ಏರುವುದರಿಂದ, ಕಂಡೆನ್ಸರು ಆ ಶಿಖರಕ್ಕೇ ತುಂಬಿಕೊಂಡು ಸುಮಾರು 350 ವೋಲ್ಟಿಗೆ ಬಂದು ನಿಲ್ಲುತ್ತದೆ. ವಾಲ್ವುಗಳು ಇನ್ನೂ ಕಾಯದೆ, ಪ್ರವಾಹವನ್ನು ಎಳೆಯದೆ ಇರುವ ಮೊದಲ ಕೆಲವು ಕ್ಷಣಗಳಲ್ಲಿ ಇನ್ನೂ ಮೇಲಕ್ಕೆ ಹೋಗುವುದೂ ಉಂಟು. ಆದುದರಿಂದ ಇಂತಹ ಜಾಗದಲ್ಲಿ 450 ವೋಲ್ಟಿಗಿಂತ ಕಡಿಮೆಯ ಗುರುತಿನ ಕಂಡೆನ್ಸರನ್ನು ಹಾಕುವುದು ಉಚಿತವಲ್ಲ.

ಇಷ್ಟು ಒತ್ತಡವಿರುವ ಯಂತ್ರವನ್ನು ನಡೆಯುತ್ತಿರುವಾಗ ಮುಟ್ಟಬಾರದೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕಾಗಿರುವುದು ಅದನ್ನು ಆರಿಸಿದ ಮೇಲಿನ ಮಾತು. ಗುಂಡಿಯನ್ನು ಒತ್ತಿ ದೀಪ ಆರಿತೆಂದರೆ ವಿದ್ಯುತ್ತು ಹೋಯಿತೆಂದು ನಾವು ನಂಬುತ್ತೇವೆ. ಮನೆಯ ಬಲ್ಬು, ಫ್ಯಾನು ನಮಗೆ ಕಲಿಸಿರುವುದು ಅದನ್ನೇ. ಕಂಡೆನ್ಸರು ಈ ಪಾಠಕ್ಕೆ ಒಳಪಡುವುದಿಲ್ಲ. ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಧರ್ಮ. ಸ್ವಿಚ್ಚನ್ನು ಆರಿಸಿದರೆ ಹೊಸದು ಬರುವುದು ನಿಲ್ಲುತ್ತದೆಯೇ ಹೊರತು ಒಳಗಿರುವುದು ಖಾಲಿಯಾಗುವುದಿಲ್ಲ. ಅದು ಬೂದಿ ಮುಚ್ಚಿದ ಕೆಂಡ.

ಈ ಗುಣವನ್ನು ಮನುಷ್ಯನು ತಿಳಿದುಕೊಂಡುದೇ ಪೆಟ್ಟು ತಿಂದು. ಹಾಲೆಂಡಿನ ಲೈಡನ್ ಪಟ್ಟಣದ ಪ್ರೊಫೆಸರ್ ಮುಸ್ಸೆನ್‌ಬ್ರೂಕ್ ಎಂಬಾತನು ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಕೂಡಿಡುವ ಪ್ರಯೋಗವನ್ನು ಮಾಡುತ್ತಿದ್ದಾಗ, ಒಂದು ಕೈಯಲ್ಲಿ ಪಾತ್ರೆಯನ್ನು ಹಿಡಿದು ಮತ್ತೊಂದರಿಂದ ತಂತಿಯನ್ನು ಮುಟ್ಟಿ, ಮೈಯೆಲ್ಲ ನಡುಗುವಂತಹ ಆಘಾತಕ್ಕೆ ಒಳಗಾದನು. ಫ್ರಾನ್ಸ್ ರಾಜ್ಯವನ್ನೇ ಕೊಡುವೆನೆಂದರೂ ಇನ್ನೊಮ್ಮೆ ಅದನ್ನು ಮಾಡಲೊಲ್ಲೆನೆಂಬ ಅರ್ಥದಲ್ಲಿ ಆತನು 1746ರಲ್ಲಿ ಫ್ರೆಂಚ್ ವಿದ್ವಾಂಸ ರೆಯೋಮೂರನಿಗೆ ಕಾಗದ ಬರೆದನು. ಆ ಲೈಡನ್ ಜಾಡಿಯ ವಂಶದ್ದೇ ನಮ್ಮ ಕಂಡೆನ್ಸರು. ಗಾತ್ರದಲ್ಲಿ ಹೆಬ್ಬೆರಳಿನಷ್ಟಿದ್ದರೂ ಹಿಡಿಯುವ ಶಕ್ತಿಯಲ್ಲಿ ಆ ಜಾಡಿಯನ್ನು ಬಹುದೂರ ಹಿಂದೆ ಹಾಕಿದೆ.

ಎಷ್ಟು ಶಕ್ತಿಯೆಂದು ಲೆಕ್ಕ ಹಾಕಿ ನೋಡೋಣ. 100 ಮೈಕ್ರೋಫ್ಯಾರಡಿನ ಕಂಡೆನ್ಸರು 350 ವೋಲ್ಟಿಗೆ ತುಂಬಿದ್ದರೆ ಅದರಲ್ಲಿರುವುದು ಸುಮಾರು 6 ಜೂಲುಗಳು. ಒಂದು ಕಿಲೋಗ್ರಾಂ ತೂಕದ ಕಲ್ಲನ್ನು ಸುಮಾರು 60 ಸೆಂಟಿಮೀಟರು ಎತ್ತರದಿಂದ ಕೈಬಿಟ್ಟರೆ ನೆಲಕ್ಕೆ ತಾಕುವ ಶಕ್ತಿಯಷ್ಟು. ಕಾಲಿನ ಮೇಲೆ ಬಿದ್ದರೆ ಊದಿಕೊಳ್ಳುವುದು, ಅಷ್ಟೆ. ಆದರೆ ಇದು ಬೀಳುವುದು ಕಾಲಿನ ಮೇಲಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯನ್ನು ಹಾಯ್ದುಹೋಗುತ್ತದೆ. ಅಂತಹ ಒಂದೇ ಏಟು ಆರೋಗ್ಯವಂತನನ್ನು ಕೊಂದೇ ತೀರುವುದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಸುಡಬಹುದು; ಬೆಚ್ಚಿ ಕೈಯನ್ನು ಕೊಡವಿದಾಗ ಅದು ಮತ್ತಾವುದೋ ಹರಿತವಾದ ಅಂಚಿಗೆ, ಕಾದ ಬೆಸುಗೆಯ ಕಡ್ಡಿಗೆ ತಗುಲಬಹುದು; ಹೃದಯವು ದುರ್ಬಲವಾಗಿದ್ದರೆ ಹೇಳುವಂತೆಯೇ ಇಲ್ಲ. ಕಂಡೆನ್ಸರು ಇದಕ್ಕಿಂತ ದೊಡ್ಡದಾದಷ್ಟೂ ಪ್ರಾಣಭಯವು ಹತ್ತಿರವಾಗುತ್ತದೆ.

ಇದರಲ್ಲಿ ಅತಿ ಮೋಸದ ಭಾಗವು ಬೇರೆಯೇ ಇದೆ. ಸರಿಯಾಗಿ ನಡೆಯುತ್ತಿರುವ ವಾಲ್ವು ಯಂತ್ರವನ್ನು ಆರಿಸಿದಾಗ ಕಂಡೆನ್ಸರು ಸಾಮಾನ್ಯವಾಗಿ ಬೇಗನೆಯೇ ಇಳಿದುಬಿಡುತ್ತದೆ. ಏಕೆಂದರೆ ಕ್ಯಾಥೋಡು ಇನ್ನೂ ಕೆಲವು ಕ್ಷಣ ಬಿಸಿಯಾಗಿಯೇ ಇದ್ದು, ವಾಲ್ವು ಆ ವಿದ್ಯುತ್ತನ್ನು ತಾನೇ ಕುಡಿದು ಮುಗಿಸುತ್ತದೆ. ಹತ್ತು ಸಲ ಆರಿಸಿ, ಹತ್ತು ಸಲ ಮುಟ್ಟಿ, ಏನೂ ಆಗದಿದ್ದವನು ಇದರಲ್ಲಿ ಭಯವಿಲ್ಲವೆಂದು ನಂಬುತ್ತಾನೆ. ಹನ್ನೊಂದನೆಯ ಸಲ, ಯಾವುದೋ ದೋಷವನ್ನು ಹುಡುಕಲೆಂದು ವಾಲ್ವುಗಳನ್ನು ಕಳಚಿಟ್ಟು ಯಂತ್ರಕ್ಕೆ ವಿದ್ಯುತ್ತನ್ನು ಕೊಟ್ಟು ಒತ್ತಡವನ್ನು ಅಳೆದು ಆರಿಸುತ್ತಾನೆ. ಈಗ ಕುಡಿಯುವವರಿಲ್ಲ. ಕಾಯಿಸುವ ತಂತಿ ಸುಟ್ಟುಹೋದ ಪಕ್ಷದಲ್ಲಿಯೂ ಇದೇ ಗತಿ. ಆ ವಿದ್ಯುತ್ತು ಗಂಟೆಗಟ್ಟಲೆ ಅಲ್ಲಿಯೇ ಕಾದಿರುತ್ತದೆ. ಯಂತ್ರವು ಕೆಟ್ಟಾಗಲೇ ಅಲ್ಲವೆ ನಾವು ಅದರೊಳಗೆ ಕೈ ಹಾಕುವುದು? ಕೆಟ್ಟಾಗಲೇ ಅದು ವಿದ್ಯುತ್ತನ್ನು ಹೆಚ್ಚು ಹೊತ್ತು ಹಿಡಿದಿರುವುದೂ ಉಂಟು.

ಇದಕ್ಕೆ ಪರಿಹಾರವು ಅಗ್ಗವಾದುದು. ಕಂಡೆನ್ಸರಿನ ಎರಡು ತುದಿಗಳ ನಡುವೆ ಬ್ಲೀಡರು ಎಂಬ ರೆಸಿಸ್ಟರನ್ನು ಶಾಶ್ವತವಾಗಿ ಬೆಸೆಯತಕ್ಕದ್ದು. ಸೋರಿಕೆಯ ತೂಬು ಎನ್ನಬಹುದು. 47,000 ಓಮಿನ ಎರಡು ರೆಸಿಸ್ಟರುಗಳನ್ನು, ಒಂದೊಂದೂ 2 ವಾಟಿನದು, ಒಂದರ ಹಿಂದೊಂದು ಸೇರಿಸಿದರೆ, ಮೇಲೆ ಹೇಳಿದ ಕಂಡೆನ್ಸರು 350 ವೋಲ್ಟಿನಿಂದ 20 ಸೆಕೆಂಡುಗಳಲ್ಲಿ ಸುಮಾರು 42 ವೋಲ್ಟಿಗೂ, ಒಂದು ನಿಮಿಷದಲ್ಲಿ ಒಂದು ವೋಲ್ಟಿಗಿಂತ ಕೆಳಕ್ಕೂ ಇಳಿಯುತ್ತದೆ. ಒಂದರ ಬದಲು ಎರಡು ಏಕೆಂದರೆ, ಸಣ್ಣ ರೆಸಿಸ್ಟರುಗಳಿಗೆ ವಾಟಿನ ಮಿತಿಯಲ್ಲದೆ ವೋಲ್ಟಿನ ಮಿತಿಯೂ ಇರುತ್ತದೆ. ಕಾಲು ವಾಟಿನ ಸಾಮಾನ್ಯ ರೆಸಿಸ್ಟರು 250 ವೋಲ್ಟಿಗಿಂತ ಹೆಚ್ಚನ್ನು ತಾಳುವಂತೆ ಮಾಡಿದ್ದಲ್ಲ.

ಆದರೆ ಈ ತೂಬನ್ನೂ ಪೂರ್ತಿಯಾಗಿ ನಂಬಕೂಡದು. ಬೆಸುಗೆ ಬಿಡಬಹುದು, ರೆಸಿಸ್ಟರು ಒಳಗೇ ಕಡಿದುಹೋಗಬಹುದು. ಅದು ಕೆಟ್ಟಿತೆಂದು ಯಂತ್ರವು ಕೂಗಿ ಹೇಳುವುದಿಲ್ಲ, ಸಂಗೀತವು ಎಂದಿನಂತೆಯೇ ಕೇಳಿಬರುತ್ತದೆ. ಆದುದರಿಂದ ಪ್ಲಗ್ಗನ್ನು ಕಿತ್ತು, ಒಂದು ನಿಮಿಷ ಕಾದು, ಮೀಟರಿನಿಂದ ಅಳೆದು, ಆಮೇಲೆ ಮುಟ್ಟಬೇಕು. ಅಳೆಯುವುದಕ್ಕೂ ಒಂದು ಕ್ರಮವಿದೆ. ಮೀಟರು ಕೆಟ್ಟಿದ್ದರೂ ಮುಳ್ಳು ಸೊನ್ನೆಯನ್ನೇ ತೋರಿಸಬಹುದು, ತಂತಿ ಒಳಗೆ ಕಡಿದಿದ್ದರೂ ಸೊನ್ನೆಯೇ. ಹೀಗಾಗಿ ಮೊದಲು ಗೊತ್ತಿರುವ ಒಂದು ಬ್ಯಾಟರಿಯನ್ನು ಅಳೆದು ಮೀಟರು ಬದುಕಿದೆಯೆಂದು ತಿಳಿದುಕೊಂಡು, ಆಮೇಲೆ ಕಂಡೆನ್ಸರನ್ನು ಅಳೆದು, ಮತ್ತೊಮ್ಮೆ ಅದೇ ಬ್ಯಾಟರಿಯನ್ನು ಅಳೆಯಬೇಕು. ಯಂತ್ರದಲ್ಲಿ ಎರಡು ಮೂರು ಕಂಡೆನ್ಸರುಗಳಿದ್ದರೆ ಒಂದೊಂದನ್ನೂ ನೋಡಬೇಕು. ನಡುವಣ ಕೊಂಡಿ ಕಡಿದಿದ್ದರೆ ಒಂದು ಖಾಲಿಯಾಗಿ ಮತ್ತೊಂದು ತುಂಬಿಯೇ ಇರಬಹುದಷ್ಟೆ.

ಉಳಿದಿದ್ದನ್ನು ಇಳಿಸಲು ಸ್ಕ್ರೂಡ್ರೈವರಿನಿಂದ ಎರಡು ತುದಿಗಳನ್ನು ಪಟ್ಟನೆ ಕೂಡಿಸುವ ಶೌರ್ಯವನ್ನು ರೇಡಿಯೋ ರಿಪೇರಿಯವರಲ್ಲಿ ಕೆಲವರು ತೋರಿಸುವುದುಂಟು. ಕಿಡಿ ಹಾರುತ್ತದೆ, ಲೋಹ ಕರಗಿ ಚಿಮ್ಮುತ್ತದೆ, ಕಂಡೆನ್ಸರಿಗೂ ಪೆಟ್ಟಾಗುತ್ತದೆ. ಅದರ ಬದಲು 10,000 ಓಮಿನ 5 ವಾಟಿನ ರೆಸಿಸ್ಟರೊಂದಕ್ಕೆ ಚೆನ್ನಾಗಿ ಹೊದಿಕೆಯುಳ್ಳ ಎರಡು ತಂತಿಗಳನ್ನು ಬೆಸೆದು, ರೆಸಿಸ್ಟರನ್ನೂ ಕೊಳವೆಯಿಂದ ಮುಚ್ಚಿ, ಒಂದು ತುದಿಯ ಕ್ಲಿಪ್ಪನ್ನು ಮೊದಲು ಯಂತ್ರದ ಲೋಹದ ಚಾಸಿಗೆ ಕಚ್ಚಿಸಿ, ಇನ್ನೊಂದನ್ನು ಕಂಡೆನ್ಸರಿಗೆ ಹಿಡಿದರೆ ಐದಾರು ಸೆಕೆಂಡುಗಳಲ್ಲಿ ಸದ್ದಿಲ್ಲದೆ ಕೆಲಸವಾಗುತ್ತದೆ. ಕೆಲಸ ಮುಗಿಯುವವರೆಗೆ ಆ ಕ್ಲಿಪ್ಪನ್ನು ಅಲ್ಲಿಯೇ ಬಿಡುವುದು ಮೇಲು. ಇಳಿಸಿದ ಕಂಡೆನ್ಸರು ತಾನಾಗಿಯೇ ಸ್ವಲ್ಪ ಒತ್ತಡವನ್ನು ಮರಳಿ ಪಡೆಯುವ ಗುಣವುಳ್ಳದ್ದು.

ಇನ್ನು ದೇಹದ ಮಾತು. ಮನೆಯ ಪರ್ಯಾಯ ಪ್ರವಾಹದಲ್ಲಿ ಒಂದು ಮಿಲಿಆಂಪಿಯರಿನ ಸುಮಾರಿಗೆ ಜುಮ್ಮೆನ್ನುತ್ತದೆ; ಹತ್ತರ ಸುಮಾರಿಗೆ ಸ್ನಾಯುಗಳು ಬಿಗಿದು ಹಿಡಿದುದನ್ನು ಬಿಡಲಾಗದಂತಾಗುತ್ತದೆ; ಮೂವತ್ತನ್ನು ಮೀರಿ ಹರಿಯುತ್ತಲೇ ಇದ್ದರೆ ಹೃದಯದ ಲಯ ತಪ್ಪುವ ಭಯ ಮೊದಲಾಗುತ್ತದೆ. ಏಕಮುಖ ಪ್ರವಾಹಕ್ಕೆ ಈ ಅಂಕಿಗಳು ಇನ್ನೂ ಮೇಲಿನವು. ಆದರೆ ಬೆವರಿದ ಕೈಗಳ ನಡುವೆ ದೇಹದ ತಡೆಯು 1,500 ಓಮಿನಷ್ಟಿದ್ದರೆ 300 ವೋಲ್ಟು ಹರಿಸುವುದು 200 ಮಿಲಿಆಂಪಿಯರುಗಳನ್ನು. ಆ ಮೇಲಿನ ಅಂಕಿಗಳು ಇಲ್ಲಿ ಯಾರನ್ನೂ ಕಾಪಾಡಲಾರವು.

ಇಂತಹ ಸಮಯದಲ್ಲಿ ಫ್ಯೂಸು ಕಾಪಾಡುವುದೆಂದು ಹಲವರ ನಂಬಿಕೆ. ಅರ್ಧ ಆಂಪಿಯರಿನ ಫ್ಯೂಸು ಅರ್ಧ ಆಂಪಿಯರು ಮೀರುವವರೆಗೆ ಸುಮ್ಮನಿರುತ್ತದೆ. ಮನುಷ್ಯನ ಪ್ರಾಣಕ್ಕೆ ಅದರ ಐದನೆಯ ಒಂದು ಭಾಗ ಸಾಕು. ಫ್ಯೂಸು ಟ್ರಾನ್ಸ್‌ಫಾರ್ಮರನ್ನು ಉಳಿಸುತ್ತದೆ, ಮನೆಗೆ ಬೆಂಕಿ ಬೀಳದಂತೆ ನೋಡಿಕೊಳ್ಳುತ್ತದೆ. ಅದಕ್ಕಾಗಿ ಅವಶ್ಯವಾಗಿ ಇರಬೇಕು. ಈಗಿನ ಮನೆಗಳಲ್ಲಿ 30 ಮಿಲಿಆಂಪಿಯರಿಗೇ ಪ್ರವಾಹವನ್ನು ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚುಂಟು. ಅದು ನಿಜವಾಗಿಯೂ ಪ್ರಾಣರಕ್ಷಕ. ಆದರೆ ಅದರ ಕಾವಲು ಟ್ರಾನ್ಸ್‌ಫಾರ್ಮರಿನ ಈಚೆಯ ಬದಿಗೆ ಮಾತ್ರ. ಫೇಸಿನಲ್ಲಿ ಹೋದುದು ನ್ಯೂಟ್ರಲಿನಲ್ಲಿ ಹಿಂದಿರುಗದೆ ಬೇರೆಲ್ಲಿಯೋ ಸೋರಿತೆಂದರೆ ಅದು ಎಚ್ಚರಗೊಳ್ಳುತ್ತದೆ. ಟ್ರಾನ್ಸ್‌ಫಾರ್ಮರಿನ ಆಚೆ, 300 ವೋಲ್ಟಿನ ಬದಿಯಲ್ಲಿ, ಕೈಯಿಂದ ಕೈಗೆ ಹರಿಯುವ ಪ್ರವಾಹವು ಆಚೆಯೇ ಹುಟ್ಟಿ ಆಚೆಯೇ ತನ್ನ ಸುತ್ತನ್ನು ಮುಗಿಸಿಬಿಡುತ್ತದೆ. ಈಚೆಯ ಲೆಕ್ಕದಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣದು. ಆರ್‌ಸಿಸಿಬಿಯ ಪಾಲಿಗೆ ಆ ಮನುಷ್ಯನು ಇನ್ನೊಂದು ವಾಲ್ವು ಮಾತ್ರ.

ಹೀಗಿರಲು ನಡೆಯುತ್ತಿರುವ ಯಂತ್ರದಲ್ಲಿ ಒತ್ತಡವನ್ನು ಅಳೆಯಲೇಬೇಕಾದಾಗ ಹಳೆಯ ಕುಶಲಿಗಳ ಪದ್ಧತಿಯೇ ಗತಿ: ಮೀಟರಿನ ಕಪ್ಪು ತಂತಿಯನ್ನು, ಯಂತ್ರ ಆರಿರುವಾಗಲೇ, ಕ್ಲಿಪ್ಪಿನಿಂದ ಚಾಸಿಗೆ ಕಚ್ಚಿಸಿಡುವುದು; ಕೆಂಪು ತಂತಿಯನ್ನು ಬಲಗೈಯಲ್ಲಿ ಹಿಡಿಯುವುದು; ಎಡಗೈಯನ್ನು ಜೇಬಿನಲ್ಲಿಡುವುದು. ಉಂಗುರ, ಗಡಿಯಾರ, ಕೈಬಳೆಗಳನ್ನು ತೆಗೆದಿಡಬೇಕು. ನಮ್ಮ ಮನೆಗಳಲ್ಲಿ ಬರಿಗಾಲಿನಲ್ಲಿ ಗಾರೆಯ ನೆಲದ ಮೇಲೆ ಕುಳಿತು ಕೆಲಸ ಮಾಡುವ ಅಭ್ಯಾಸ ಬಹಳ. ಸಾರಿಸಿದ ತಂಪು ನೆಲವು ಭೂಮಿಯೇ ಅಲ್ಲವೆ? ಒಣಗಿದ ಮರದ ಮೇಜು, ರಬ್ಬರಿನ ಚಪ್ಪಲಿ, ಮತ್ತು ಮೇನ್ ಸ್ವಿಚ್ಚು ಎಲ್ಲಿದೆಯೆಂದು ಬಲ್ಲ ಇನ್ನೊಬ್ಬರು ಕರೆಯಳತೆಯಲ್ಲಿ, ಇವು ಮೂರೂ ಬೇಕು. ಅಕಸ್ಮಾತ್ತಾಗಿ ಏನಾದರೂ ನಡೆದರೆ ಆ ಇನ್ನೊಬ್ಬರು ಮೊದಲು ಮಾಡಬೇಕಾದುದು ಬಿದ್ದವರನ್ನು ಹಿಡಿದೆಳೆಯುವುದಲ್ಲ, ಮೇನ್ ಸ್ವಿಚ್ಚನ್ನು ಆರಿಸುವುದು. ಆಮೇಲೆ 112 ಅಥವಾ 108ಕ್ಕೆ ಕರೆಮಾಡಿಸಿ, ಉಸಿರಾಟ ನಿಂತಿದ್ದರೆ ಎದೆಯ ನಡುವೆ ಬಲವಾಗಿ, ಬಿಡದೆ, ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ ಒತ್ತುತ್ತಿರುವುದು.

ಭೂಸಂಪರ್ಕದ ವಿಷಯವನ್ನು ಬೇಗ ಹೇಳಿಬಿಡುತ್ತೇನೆ, ಅದು ಕಷ್ಟದ್ದಲ್ಲ. ಲೋಹದ ಚಾಸಿಯನ್ನು ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಗೆ ಜೋಡಿಸತಕ್ಕದ್ದು. ಬಣ್ಣವನ್ನು ಕೆರೆದು ಹೊಳೆಯುವ ಲೋಹದ ಮೇಲೆ, ಅದಕ್ಕಾಗಿಯೇ ಇಟ್ಟ ಬೇರೆ ಸ್ಕ್ರೂವಿನಿಂದ ಬಿಗಿಯಬೇಕು. ಟ್ರಾನ್ಸ್‌ಫಾರ್ಮರಿನ ಸ್ಕ್ರೂವಿಗೆ ಜೋತುಹಾಕಕೂಡದು. ಆ ಕಡ್ಡಿಯನ್ನು ಮಿಕ್ಕೆರಡಕ್ಕಿಂತ ಉದ್ದವಾಗಿ ಮಾಡಿರುವುದು ಅದೇ ಮೊದಲು ಕೂಡಿ ಕೊನೆಗೆ ಬಿಡಲಿ ಎಂದು. ಆದರೆ ಗೋಡೆಯ ಸಾಕೆಟ್ಟಿನಲ್ಲಿ ಮೂರನೆಯ ತೂತು ಇದ್ದ ಮಾತ್ರಕ್ಕೆ ಅದರ ಹಿಂದೆ ತಂತಿ ಇದೆಯೆಂದು ಅರ್ಥವಲ್ಲ. ಬಲ್ಲ ಎಲೆಕ್ಟ್ರೀಷಿಯನ್ನಿನಿಂದ ನೋಡಿಸಿಕೊಳ್ಳಬೇಕು. ಫೇಸು ನ್ಯೂಟ್ರಲು ಅದಲುಬದಲಾಗಿದ್ದ ಪಕ್ಷದಲ್ಲಿ ಗೋಡೆಯ ಸ್ವಿಚ್ಚು ಆರಿದ್ದರೂ ಯಂತ್ರದೊಳಗೆ ಫೇಸು ಇದ್ದೇ ಇರುವುದರಿಂದ, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡುವುದು ಒಳ್ಳೆಯದು.

ಹಳೆಯ ರೇಡಿಯೋಗಳಿಂದ ಸಾಮಾನು ಕಳಚಿ ಕಟ್ಟುವವರು ಒಂದನ್ನು ಗಮನಿಸಬೇಕು. ಕೆಲವು ಊರುಗಳಲ್ಲಿ ಏಕಮುಖ ಪ್ರವಾಹವನ್ನು ಹಂಚುತ್ತಿದ್ದ ಕಾಲದಲ್ಲಿ, ಎರಡು ಬಗೆಯ ಪ್ರವಾಹಕ್ಕೂ ಒಗ್ಗುವಂತೆ ಟ್ರಾನ್ಸ್‌ಫಾರ್ಮರೇ ಇಲ್ಲದ ರೇಡಿಯೋಗಳನ್ನು ಮಾಡುತ್ತಿದ್ದರು. ಅವುಗಳಲ್ಲಿ ಚಾಸಿಯೇ ಮನೆಯ ತಂತಿಗೆ ನೇರವಾಗಿ ಸೇರಿರುತ್ತದೆ. ಮರದ ಪೆಟ್ಟಿಗೆಯೊಂದೇ ಕೇಳುವವನಿಗೂ ಅದಕ್ಕೂ ನಡುವಣ ಗೋಡೆ. ಆ ನಕ್ಷೆಯನ್ನು ಹೆಡ್‌ಫೋನಿನ ಯಂತ್ರಕ್ಕೆ ಅನುಸರಿಸುವುದು ಸಲ್ಲದು.

ಹೆಡ್‌ಫೋನಿನ ವಿಶೇಷವು ಇದೇ. ಸ್ಪೀಕರು ಕೋಣೆಯ ಮೂಲೆಯಲ್ಲಿರುತ್ತದೆ. ಇದು ತಲೆಯ ಮೇಲೆಯೇ ಕುಳಿತಿರುತ್ತದೆ. 1920ರ ದಶಕದ ಬ್ಯಾಟರಿ ರೇಡಿಯೋಗಳಲ್ಲಿ ಹೆಡ್‌ಫೋನನ್ನು ಆನೋಡಿನ ಮಂಡಲದಲ್ಲಿಯೇ ನೇರವಾಗಿ ಸೇರಿಸುತ್ತಿದ್ದರು. ಬ್ಯಾಟರಿಯ 45, 90 ವೋಲ್ಟುಗಳು ಕಿವಿಯ ಪಕ್ಕದ ಸುರುಳಿಯಲ್ಲಿಯೇ ಹರಿಯುತ್ತಿದ್ದವು. ಇಂದಿನ ಯಂತ್ರದಲ್ಲಿ ನಡುವೆ ಒಂದು ತಡೆ ಇರಲೇಬೇಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಇದ್ದರೆ ಅದರ ಎರಡು ಸುತ್ತುಗಳ ನಡುವಣ ಹೊದಿಕೆಯೇ ಆ ತಡೆ. ಟ್ರಾನ್ಸ್‌ಫಾರ್ಮರಿಲ್ಲದ ನಕ್ಷೆಗಳಲ್ಲಿ ಹೆಡ್‌ಫೋನಿಗೆ ಸೇರುವ ಕ್ಯಾಥೋಡು ನೂರು ವೋಲ್ಟಿನ ಆಸುಪಾಸಿನಲ್ಲಿ ನಿಂತಿರುವುದುಂಟು. ಅದಕ್ಕೂ ಕಿವಿಗೂ ನಡುವೆ ಇರುವುದು ಒಂದೇ ಒಂದು ಕಂಡೆನ್ಸರು. ನನ್ನನ್ನು ಕೇಳಿದರೆ, ಮೊದಲ ಸಲ ಕಟ್ಟುವವರಿಗೆ ಟ್ರಾನ್ಸ್‌ಫಾರ್ಮರಿನದೇ ಉತ್ತಮ, ಬೆಲೆ ಹೆಚ್ಚಾದರೂ ಸರಿಯೆ. ಕಂಡೆನ್ಸರಿನದನ್ನೇ ಕಟ್ಟುವುದಾದರೆ ಹೊಸದನ್ನು, ಒಳ್ಳೆಯದನ್ನು, ಆ ಜಾಗದ ಪೂರ್ಣ ಒತ್ತಡವನ್ನು ತಾಳುವಂತಹುದನ್ನು ಹಾಕಿ, ಹೆಡ್‌ಫೋನಿನ ಜಾಕಿಗೆ ಅಡ್ಡಲಾಗಿ ಎಡಕ್ಕೊಂದು ಬಲಕ್ಕೊಂದು 2,200 ಓಮಿನ ರೆಸಿಸ್ಟರನ್ನು ಬೆಸೆಯಬೇಕು. ಅದಿಲ್ಲದಿದ್ದರೆ ಕಂಡೆನ್ಸರಿನ ಹೊರಬದಿಯು ತೇಲುತ್ತಿದ್ದು, ಹೆಡ್‌ಫೋನನ್ನು ಚುಚ್ಚಿದ ಕ್ಷಣ ಅದರ ಮೂಲಕವೇ ತುಂಬಿಕೊಳ್ಳುತ್ತದೆ. ಜಾಕಿನ ಸಾಮಾನ್ಯ ತುದಿಯು ಭೂಸಂಪರ್ಕವಿರುವ ಚಾಸಿಗೆ ದಪ್ಪ ತಂತಿಯಿಂದ ಸೇರಿರಬೇಕು.

ಇನ್ನೊಂದು. ಹೆಡ್‌ಫೋನನ್ನು ತಲೆಗೆ ಹಾಕಿಕೊಂಡೇ ಯಂತ್ರದೊಳಗೆ ಕೈ ಹಾಕಿ ಗುಂಯ್‌ಗುಟ್ಟುವ ಸದ್ದು ಎಲ್ಲಿಂದ ಬರುತ್ತಿದೆಯೆಂದು ಹುಡುಕುವ ಅಭ್ಯಾಸ ಕೆಲವರಿಗಿದೆ. ಹೆಡ್‌ಫೋನಿನ ತಂತಿಯು ಚಾಸಿಗೆ ಸೇರಿದೆಯಷ್ಟೆ? ಅದರ ಲೋಹದ ಪಟ್ಟಿಯು ಆ ತಂತಿಗೆ ತಗುಲಿದ್ದರೆ, ಎಡಗೈ ಜೇಬಿನಲ್ಲಿದ್ದೂ ಪ್ರಯೋಜನವಿಲ್ಲ; ತಲೆಯೇ ಎಡಗೈಯ ಕೆಲಸವನ್ನು ಮಾಡಿರುತ್ತದೆ.

ಎಲ್ಲವೂ ಮುಗಿದು ಮೊದಲ ಸಲ ವಿದ್ಯುತ್ತನ್ನು ಕೊಡುವಾಗ ಎಲೆಕ್ಟ್ರೀಷಿಯನ್ನರ ಸೀರೀಸ್ ಬೋರ್ಡಿನ ಮೂಲಕ, ಹಳೆಯ ತಂತಿಯ ಬಲ್ಬನ್ನು ಸಾಲಿನಲ್ಲಿಟ್ಟು ಕೊಡುವುದು ಲೇಸು. ಒಳಗೆ ಷಾರ್ಟಿದ್ದರೆ ಬಲ್ಬು ಪ್ರಕಾಶವಾಗಿ ಉರಿದು ತಿಳಿಸುತ್ತದೆ. ಈ ಕೆಲಸಕ್ಕೆ ಎಲ್‌ಇಡಿ ಬಲ್ಬು ಬಾರದು. ಜಾಕಿಗೆ ಹೆಡ್‌ಫೋನಿನ ಬದಲು 300 ಓಮಿನ ರೆಸಿಸ್ಟರುಗಳನ್ನು ಸೇರಿಸಿ, ಅವುಗಳ ಮೇಲೆ ಮೀಟರನ್ನು ಏಕಮುಖ ಒತ್ತಡಕ್ಕೆ ತಿರುಗಿಸಿಟ್ಟು ನೋಡುತ್ತಿರಬೇಕು. ವಾಲ್ವುಗಳು ಕಾಯುವಾಗ ಮುಳ್ಳು ಒಮ್ಮೆ ಏಳುತ್ತದೆ, ಆಮೇಲೆ ಇಳಿಯುತ್ತದೆ. ಬಲ್ಬನ್ನು ತೆಗೆದು ಪೂರ್ಣ ಒತ್ತಡವನ್ನು ಕೊಟ್ಟ ಮೇಲೂ ಅರ್ಧ ಗಂಟೆ ಹಾಗೆಯೇ ಬಿಟ್ಟು, ಎರಡು ಕಿವಿಗಳ ಬದಿಯಲ್ಲಿಯೂ ಅದು ಕೆಲವೇ ಮಿಲಿವೋಲ್ಟುಗಳಲ್ಲಿ ನಿಂತಿದ್ದರೆ, ರೆಸಿಸ್ಟರುಗಳನ್ನು ತೆಗೆದು ಹೆಡ್‌ಫೋನನ್ನು ಸೇರಿಸಬಹುದು. ಮೊದಲು ಯಾವ ರಾಗವನ್ನು ಕೇಳಬೇಕೆಂಬುದು ತಮ್ಮ ಇಷ್ಟ.